ಎಳೆ ಹಳದಿ, ಮದುವೆ ಹಳದಿ

"ಆ ಪೊಟ್ಟಣ ನಂದು! ಕೆಳಗಿಡ್ರಿ ಅದನ್ನ!"

ಬಳ್ಳಾರಿಯ ಕೌಲ್ ಬಜಾರಿನಲ್ಲಿ, ದಸ್ತಗೀರಸಾಬರ ಬಣ್ಣದ ಅಂಗಡಿ ಮುಂದೆ ನಿಂತಿದ್ದ ಚಿದಾನಂದಪ್ಪ ಬೆಚ್ಚಿಬಿದ್ದ. ಕೈಲಿದ್ದ ಪೊಟ್ಟಣ ಬಿಚ್ಚಿಕೊಂಡು ಅರ್ಧ ಹಳದಿ ಪುಡಿ ಅವನ ಬಿಳಿ ಧೋತರದ ಮೇಲೆ ಚೆಲ್ಲಿತು.

ತಿರುಗಿ ನೋಡಿದರೆ... ಇಪ್ಪತ್ತನಾಲ್ಕರ ಹೆಣ್ಣೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನುಂಗುವ ಹಾಗೆ ನೋಡುತ್ತಾ ನಿಂತಿದ್ದಳು!

"ಸಿಟ್ಟಾಗಬ್ಯಾಡ್ರಿ. ನಂದೂ ಹಳದಿ, ನಿಮ್ದೂ ಹಳದಿ. ಎರಡೂ ಒಂದೇ ಅಲ್ಲೇನ್ರಿ? ಯಾವುದು ಒಯ್ದ್ರೇನು?"

"ಒಂದೇ?!"

ದಸ್ತಗೀರಸಾಬರು ಗಡ್ಡದೊಳಗೇ ನಕ್ಕರು. "ಬೇಟಾ, ಕುರುಗೋಡಿನ ಹೊನ್ನೂರಮ್ಮನ ಮುಂದ ಈ ಮಾತು ಆಡಬಾರದಿತ್ತು ನೀನು."

ಹೊನ್ನೂರಮ್ಮ ಮುಂದೆ ಬಂದಳು. ಅಂಗಡಿಯ ಸುಣ್ಣದ ನೀರಿಗೆ ಬೆರಳದ್ದಿ, ಎರಡೂ ಪುಡಿಯಲ್ಲಿ ಒಂದೊಂದು ಚೂರು ಕಲಸಿ, ಹಲಗೆಯ ಮೇಲೆ ಪಕ್ಕಪಕ್ಕದಲ್ಲೇ ಎರಡು ಗೆರೆ ಎಳೆದಳು. ಬಿಸಿಲಿಗೆ ಒಣಗುವ ತನಕ ತಡೆದು, ಆಮೇಲೆ ಅಂದಳು.

"ಈಗ ನೋಡ್ರಿ."

ಅವನು ಬಗ್ಗಿ ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ. ತಲೆ ವಾರೆ ಮಾಡಿಯೂ ನೋಡಿದ.

"ಇದೊಂದು ಹಳದಿ ರೀ. ಇದೂ... ಹಳದಿನ."

"ಅಯ್ಯೋ ದೇವರೇ! ಇದು ಎಳಿ ಹಳದಿ. ಎಲ್ಲಾರ ಮನ್ಯಾಗ, ಎಲ್ಲಾ ದಿನಕ್ಕೂ ಬಳಿಯೋದು. ಈ ಎರಡನೇದಕ್ಕ ಮ್ಯಾಲೊಂದು ಚಿಟಿಕಿ ಕೆಮ್ಮಣ್ಣು ಬಿದ್ದೈತಿ. ನಮ್ಮ ಓಣ್ಯಾಗ ಇದಕ್ಕ ಮದುವಿ ಹಳದಿ ಅಂತಾರ. ಮದುವಿ ಇಲ್ಲದ ಮನಿಗೆ ಇದನ್ನ ಯಾರೂ ಬಳಿಯಂಗಿಲ್ಲ."

"ಹೌದೇನ್ರಿ?" ಅಂದ ಚಿದಾನಂದಪ್ಪ. ಆಮೇಲೆ ಪೂರಾ ಮುಗ್ಧನಾಗಿ ಕೇಳಿಬಿಟ್ಟ. "ನಿಮ್ಮ ಮದುವಿಗೇನ್ರಿ?"

ನೀಲಿ ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಈ ಮನುಷ್ಯನಿಗೆ ಕಣ್ಣಿಲ್ಲವೇ? ಹಣೆ ಬೋಳು, ಕೊರಳು ಬೋಳು, ಕೈಯಲ್ಲಿ ಒಂದು ಗಾಜಿನ ಬಳೆಯೂ ಇಲ್ಲ. ಯಾರೇ ಆದರೂ ಒಂದು ನೋಟಕ್ಕೆ ತಿಳಿದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು!

ಆದರೆ ಹೊನ್ನೂರಮ್ಮ ಏನು ಮಾಡಿದಳು ಗೊತ್ತೇ? ನಕ್ಕಳು. ಎಂಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು.

"ನನ್ನ ತಮ್ಮಂದು ಮದುವಿ. ನಂದು ಆಗಿ, ಮುಗದೂ ಹೋತು. ಗಂಡ ಸತ್ತಾಕಿ ನಾನು. ಕಾಣಂಗಿಲ್ಲೇನ್ರಿ?"

ಅವನ ಮುಖ ಕೆಂಪಾಯಿತು. ಆದರೂ ಕಣ್ಣು ತಪ್ಪಿಸಲಿಲ್ಲ.

"ಕಾಣಲಿಲ್ರಿ. ನನಗ ಕಂಡಿದ್ದು ನಿಮ್ಮ ಸಿಟ್ಟು ಒಂದ."

ಬಸ್ಸಿನಲ್ಲಿ ಕುರುಗೋಡಿನ ದಾರಿಯುದ್ದಕ್ಕೂ ಹೊನ್ನೂರಮ್ಮ ಆ ಮಾತನ್ನೇ ಮೆಲುಕು ಹಾಕಿದಳು. 'ಎಂಥಾ ಕುರುಡ ಇದ್ದಾನ ನೋಡು...' ಅಂದುಕೊಂಡಳು. ಬೈಗುಳವೇ ಅದು. ಆದರೆ ಬೈಯುವಾಗ ತುಟಿಯಲ್ಲಿ ನಗು ಯಾಕಿತ್ತೋ, ಅದನ್ನು ಅವಳೇ ಹೇಳಬೇಕು.

*

ಸಾವಿರದ ಒಂಬೈನೂರ ಐವತ್ತೊಂದನೇ ಇಸವಿ ಅದು. ಬಳ್ಳಾರಿ ಸೀಮೆ ಇನ್ನೂ ಮದ್ರಾಸಿಗೆ ಸೇರಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಹೊನ್ನೂರಮ್ಮನ ಮನೆಯ ಪಡಸಾಲೆಗೆ ಮಾತ್ರ ಇನ್ನೂ ಬಂದಿರಲಿಲ್ಲ.

ಹದಿನಾರಕ್ಕೆ ಗಂಡ ಜ್ವರದಲ್ಲಿ ಹೋದ ಮೇಲೆ ಅವಳು ತಾಯಿ ಈರಮ್ಮನ ಮನೆಗೆ ಮರಳಿದ್ದಳು. ಸುಣ್ಣ ಕಲಸುವುದರಲ್ಲಿ ಅವಳ ಕೈಯೇ ಕೈ. ಮದುವೆ ಅಂದರೆ ಓಣಿಯವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಆದರೆ ಹಿತ್ತಲಿಗೆ ಮಾತ್ರ! ಕಲಸುವುದು ಅವಳು, ಗೋಡೆಗೆ ಬಳಿಯುವುದು ಮುತ್ತೈದೆಯರು. ಗಂಡ ಸತ್ತವಳ ಕೈ ಮದುವೆ ಗೋಡೆಗೆ ತಾಗಬಾರದಂತೆ.

ಒಡಹುಟ್ಟಿದ ತಮ್ಮ ಚಂದ್ರಣ್ಣನ ಮದುವೆಯಲ್ಲೂ ಅದೇ ಆಯಿತು. ಹೊನ್ನೂರಮ್ಮ ಹಿತ್ತಲಲ್ಲಿ ಗಡಿಗೆ ತುಂಬ ಹಳದಿ ಕಲಸಿ ಬಾಗಿಲ ಹತ್ತಿರ ಇಟ್ಟು ಹಿಂದೆ ಸರಿದಳು. ಒಳಗೆ ಮುತ್ತೈದೆಯರು ಹಾಡು ಹೇಳುತ್ತಾ ಗೋಡೆ ತುಂಬ ಗೀಟು ಗೀಟು ಬಳಿಯುತ್ತಿದ್ದರು. ಅವಳ ಕೈ ಚಡಪಡಿಸುತ್ತಿತ್ತು. 'ಅಯ್ಯೋ, ಮ್ಯಾಲಿಂದ ಕೆಳಕ್ಕ ಎಳೀರಿ... ಅಡ್ಡಡ್ಡ ಎಳೀಬ್ಯಾಡ್ರಿ...'

ಆಗಲೇ ಹಿತ್ತಲ ಬೇಲಿಯಾಚೆಯಿಂದ ಕೇಳಿದ ದನಿ!

"ಕಲಸಿದಾಕಿ ಹೊರಗ, ಬಳಿಯಾಕ ಬಾರದವರು ಒಳಗ. ಇದ್ಯಾವ ಪದ್ಧತಿ ರೀ?"

ಅವನೇ! ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಚಿದಾನಂದಪ್ಪ. ಕೈಯಲ್ಲಿ ಅದೇ ಎಳೆ ಹಳದಿಯ ಪೊಟ್ಟಣ.

ಈರಮ್ಮ ಹೊರಗೆ ಬಂದಳು. "ಯಾರಪಾ ನೀನು?"

"ಸುಣ್ಣಕ್ಕ ಪುಡಿ ಎಷ್ಟು ಹಾಕಬೇಕಂತ ಕೇಳಾಕ ಬಂದೀನ್ರಿ ಅವ್ವಾರ. ದಸ್ತಗೀರಸಾಬ್ರು ಇಲ್ಲಿಗ ಹೋಗು ಅಂದ್ರು. ಈಕಿ ಯಾಕ ಒಳಗ ಹೋಗಬಾರದು?"

"ಗಂಡ ಸತ್ತಾಕಿ ಮದುವಿ ಗೋಡಿ ಮುಟ್ಟಬಾರದಪಾ."

"ಗೋಡಿಗೆ ಹೆಂಗ ಗೊತ್ತಾಗತೈತ್ರಿ?"

ಈರಮ್ಮ ಸೆರಗು ಕೊಡವಿ ಒಳಗೆ ನಡೆದಳು. ಹೊನ್ನೂರಮ್ಮ ಮುಖ ತಿರುಗಿಸಿಕೊಂಡು ಗಡಿಗೆ ಕಲಕತೊಡಗಿದಳು. ಕಣ್ಣು ಯಾಕೆ ತುಂಬಿತು ಅಂತ ಕೇಳಿದ್ದರೆ ಸುಣ್ಣ ಹಾರಿತು ಅನ್ನುತ್ತಿದ್ದಳು.

ಅಂದಿನಿಂದ ಶುರುವಾಯಿತು ನೋಡಿ! ಚಿದಾನಂದಪ್ಪನ ಹೊಸ ಮನೆ ಇದ್ದದ್ದು ಎರಡು ಅಂಕಣದ್ದು. ಆದರೆ ಅವನು ಕೇಳಲು ಬಂದ ಬಣ್ಣಗಳಿಗೆ ಒಂದು ಅರಮನೆಯಾದರೂ ಸಾಲುತ್ತಿರಲಿಲ್ಲ. ಒಂದು ವಾರ ಅಡುಗೆಮನೆ, ಇನ್ನೊಂದು ವಾರ ಗೂಡು, ಮತ್ತೊಂದು ವಾರ ಕಟ್ಟೆಯ ಅಂಚು. ಗಿರಣಿಗೆ ರಜೆ ಇದ್ದಾಗಲೆಲ್ಲ ಅವನಿಗೆ ಒಂದಲ್ಲ ಒಂದು ಗೋಡೆ ನೆನಪಾಗುತ್ತಿತ್ತು.

"ಅಡಗಿಮನಿಗೆ ನೀಲಿ ಬ್ಯಾಡ. ಹೊಗಿಗೆ ಕಪ್ಪಾಕ್ಕೈತಿ," ಅನ್ನುತ್ತಿದ್ದಳು ಅವಳು.

"ಆತ್ರಿ."

"ಹೋದ ಸಲಾನೂ ಇದನ್ನ ಹೇಳಿದ್ದೆ."

"ಹೌದ್ರಿ. ಮತ್ತ ಕೇಳಾಕ ಚಂದ ಅನಿಸ್ತು."

ಒಂದು ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ. ಪೊಟ್ಟಣವೂ ಇಲ್ಲ, ಪ್ರಶ್ನೆಯೂ ಇಲ್ಲ. ಬಂದು ಹಿತ್ತಲ ಕಲ್ಲಿನ ಮೇಲೆ ಕುಳಿತ.

"ಯಾವ ಗೋಡಿ ಈ ಸಲ?" ಹೊನ್ನೂರಮ್ಮ ಚುಡಾಯಿಸಿದಳು.

"ಪಡಸಾಲಿ ಒಂದು ಬಿಟ್ಟು ಎಲ್ಲಾ ಗೋಡಿ ಮುಗದ್ವು." ಅವನು ತಲೆ ಎತ್ತಿದ. "ಇನ್ನ ಮನ್ಯಾಗ ಇರಾಕ ಒಬ್ರು ಬೇಕು. ನೀ ಬರ್ತಿಯೇನು?"

ಅವಳ ಕೈಲಿದ್ದ ತಂಬಿಗೆ ನೆಲಕ್ಕೆ ಬಿತ್ತು. ಎಂಟು ವರ್ಷ ಯಾರ ಮುಂದೆಯೂ ತಲೆ ತಗ್ಗಿಸದ ಹೊನ್ನೂರಮ್ಮ ಅವತ್ತು ತಲೆ ತಗ್ಗಿಸಿದಳು. ಅದು ನಾಚಿಕೆಗೆ!

*

ಈರಮ್ಮ ಅತ್ತಳು, ನಕ್ಕಳು, ದೇವರಿಗೆ ದೀಪ ಹಚ್ಚಿದಳು. ಗಂಡ ಸತ್ತವಳನ್ನು ಮತ್ತೆ ಕೊಡುವುದು ಅವರಲ್ಲಿ ಹೊಸದೇನಲ್ಲ. ಅದಕ್ಕೆ ಉಡಿಕಿ ಅನ್ನುತ್ತಿದ್ದರು. ಆದರೆ ಉಡಿಕಿ ಬೇರೆ, ಮದುವೆ ಬೇರೆ. ಉಡಿಕಿಗೆ ಹಂದರವಿಲ್ಲ, ವಾಲಗವಿಲ್ಲ. ಊರು ಮಲಗಿದ ಮೇಲೆ, ಕತ್ತಲಲ್ಲಿ, ಒಂದು ಸೀರೆ ಉಡಿಸಿ ಕಳಿಸಿಬಿಡುವುದು. ಮುತ್ತೈದೆಯರು ಮುಖ ನೋಡಬಾರದು. ಗೋಡೆಗೆ ಬಣ್ಣವಂತೂ ಕೇಳಲೇಬಾರದು.

ಸಿರುಗುಪ್ಪದಿಂದ ಚಿದಾನಂದಪ್ಪನ ಸೋದರತ್ತೆ ಗಂಗಕ್ಕ ಇದನ್ನೆಲ್ಲ ಹೇಳಲು ತಾನೇ ಬಂದಳು. ತಾಯಿ ತಂದೆ ಇಲ್ಲದ ಅವನನ್ನು ಸಾಕಿದವಳು ಅವಳು. ಹರೆಯದಲ್ಲೇ ಗಂಡನನ್ನು ಕಳಕೊಂಡು, ಅಂದಿನಿಂದ ಬಿಳಿ ಸೀರೆ ಬಿಟ್ಟು ಬೇರೆ ಉಡದವಳು.

"ಹುಡುಗ ಹಟ ಹಿಡದಾನ, ಆತು, ನಾ ಒಪ್ಪೀನಿ. ಕತ್ತಲಾದ ಮ್ಯಾಲ ಹಿತ್ತಲ ಬಾಗಲಿಂದ ಕರ್ಕೊಂಡು ಬರ್ರಿ."

"ಹಂಗ ಆಗಲಿ, ಅಕ್ಕಾರ. ಅಷ್ಟಾದ್ರೂ ಆಗಲಿ," ಈರಮ್ಮ ಕೈ ಮುಗಿದಳು.

"ಆಗಂಗಿಲ್ಲ!"

ಹೊನ್ನೂರಮ್ಮ ಒಳಗಿನಿಂದ ಬಂದು ನಡುಮನೆಯಲ್ಲಿ ನಿಂತಳು. ಗಂಗಕ್ಕನ ಕಡೆ ನೋಡಲಿಲ್ಲ. ಅತ್ತೆಯ ಜೊತೆ ಬಂದು ಮೂಲೆಯಲ್ಲಿ ನಿಂತಿದ್ದ ಚಿದಾನಂದಪ್ಪನ ಕಡೆ ನೋಡಿದಳು.

"ನಾ ಏನು ಕದ್ದ ಸಾಮಾನು ಅಲ್ಲ, ಕತ್ತಲಾಗ ಸಾಗಸಾಕ. ನನ್ನ ಮದುವಿ ಹಗಲು ಆಗಬೇಕು. ಮುಂಚೀ ಬಾಗಲಿಂದ ನಾ ಒಳಗ ಬರಬೇಕು. ನಿಮ್ಮ ಪಡಸಾಲಿಗೆ ಮದುವಿ ಹಳದಿ ಇರಬೇಕು. ಎಳಿ ಹಳದಿ ಅಲ್ಲ, ಮದುವಿ ಹಳದಿ! ಇಲ್ಲಂದ್ರ ನಾ ಇಲ್ಲೇ ಅದೀನಿ, ಹಿಂಗ ಅದೀನಿ, ಸುಖವಾಗೇ ಅದೀನಿ."

"ಹೇ ಹುಡುಗಿ! ಒಂದು ಬಣ್ಣಕ್ಕ ಇಷ್ಟು ಹಾರಾಟನಾ?" ಗಂಗಕ್ಕ ಎದ್ದೇ ಬಿಟ್ಟಳು.

"ಬಣ್ಣಕ್ಕ ಅಲ್ರಿ. ನನಗ."

ಚಿದಾನಂದಪ್ಪ ಮೂಲೆಯಿಂದ ಮುಂದೆ ಬಂದ. "ಆತು. ನೀ ಹೇಳಿದ್ದು ಎಲ್ಲಾ ಆತು," ಅಂದ. ಅಷ್ಟೇ.

ಆ ಒಂದು 'ಆತು' ಹಿಡಿದುಕೊಂಡು ಹೊನ್ನೂರಮ್ಮ ಹದಿನೈದು ದಿನ ನೆಲದ ಮೇಲೆ ನಡೆಯಲೇ ಇಲ್ಲ!

*

ಆಮೇಲೆ ಪಾರಮ್ಮ ಬಂದಳು. ಊರೂರು ತಿರುಗಿ ಬದನೆಕಾಯಿ ಮಾರುವವಳು. ಅವಳ ಬುಟ್ಟಿಯಲ್ಲಿ ಕಾಯಿಗಿಂತ ಸುದ್ದಿ ಜಾಸ್ತಿ.

"ಹೊನ್ನೂರಿ, ನಿನ್ನ ಮನಿ ನೋಡಿಕೊಂಡು ಬಂದೆ ನೋಡು! ಪಡಸಾಲಿಗೆ ಬಣ್ಣ ಬಳದಾರ. ಎಳಿ ಹಳದಿ."

"ಮದುವಿ ಹಳದಿ, ಪಾರಕ್ಕ. ನಿನಗ ಗೊತ್ತಾಗಿಲ್ಲ."

"ಹತ್ತು ಮದುವಿ ಮನಿ ಬಳದ ಕೈಯವ್ವ ಇದು! ನನಗ ಗೊತ್ತಾಗಂಗಿಲ್ಲೇನು? ಎಳಿ ಹಳದಿನ. ಗಂಗಕ್ಕನ್ನೂ ಕೇಳಿದೆ. 'ಇಷ್ಟ ಸಾಕು. ಯಾರಾರ ಕೇಳಿದ್ರ ಮನಿ ಕಟ್ಟಿದಾಗ ಬಳದದ್ದು ಅಂದ್ರಾತು' ಅಂದ್ಲು."

ಹೊನ್ನೂರಮ್ಮನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

ಯಾರಾದರೂ ಕೇಳಿದರೆ ಹಳೆಯ ಬಣ್ಣ ಅಂದರಾಯಿತು... ಹಾಗಾದರೆ ಯಾರಿಗೂ ಗೊತ್ತಾಗಬಾರದು. ಮದುವೆಯೂ ಅನ್ನಿಸಬೇಕು, ಅಲ್ಲ ಅಂತಲೂ ಅನ್ನಿಸಬೇಕು. ಅದಕ್ಕೇ ಎಳೆ ಹಳದಿ!

'ಎರಡೂ ಒಂದೇ ಅಲ್ಲೇನ್ರಿ' ಅಂದಿದ್ದನಲ್ಲ ಮೊದಲ ದಿನವೇ. ಆ ಕುರುಡುತನಕ್ಕೇ ಅವಳು ಮನಸೋತಿದ್ದಳು. ಈಗ ಅದೇ ಮಾತು ಕುತ್ತಿಗೆಗೆ ಬಂದಿತ್ತು.

ಅವತ್ತು ಅವಳು ಊಟ ಮಾಡಲಿಲ್ಲ. ಅಳಲೂ ಇಲ್ಲ. ಮರುದಿನ ಬೆಳಗ್ಗೆ ಸೀರೆ ಕೊಡವಿ ಉಟ್ಟು ಬಾಗಿಲಿಗೆ ಬಂದಳು.

"ಎಲ್ಲಿಗಿ?" ಈರಮ್ಮ ಅಡ್ಡ ನಿಂತಳು.

"ಸಿರುಗುಪ್ಪಕ್ಕ."

"ಅಯ್ಯೋ ನನ ಕರ್ಮ! ಮದುವಿ ಮುಂಚೇನ ಗಂಡಿನ ಮನಿ ಹೊಸ್ತಿಲ ತುಳೀತಿಯೇನ?"

"ತುಳಿಯಂಗಿಲ್ಲವ್ವ. ಹೊರಗ ನಿಂತ ಕೇಳ್ತೀನಿ. ಕೇಳಿ ಬರ್ತೀನಿ."

ಬಸ್ಸು ಭತ್ತದ ಗದ್ದೆಗಳ ನಡುವೆ ಕುಲುಕುತ್ತಾ ಸಾಗಿತು. ಹಸಿರು ಕಾಣಲಿಲ್ಲ ಅವಳಿಗೆ. ಕಣ್ಣ ಮುಂದೆ ಇದ್ದದ್ದು ದಸ್ತಗೀರಸಾಬರ ಹಲಗೆಯ ಮೇಲಿನ ಎರಡು ಗೆರೆ ಮಾತ್ರ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂಬಾಗಿಲು ಪೂರ್ತಿ ತೆರೆದಿತ್ತು. ಬೀದಿಯಲ್ಲೇ ನಿಂತು ಅವಳು ಒಳಗೆ ನೋಡಿದಳು. ಮಧ್ಯಾಹ್ನದ ಬಿಸಿಲು ಪಡಸಾಲೆಯ ಗೋಡೆಗೆ ನೇರ ಬಿದ್ದಿತ್ತು.

ಎಳೆ ಹಳದಿ! ಸಂಶಯವೇ ಇಲ್ಲ.

ಗಂಗಕ್ಕ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವಳು ಬಾಯಿ ತೆರೆದಳು. ಅಷ್ಟರಲ್ಲಿ ಗಿರಣಿಯಿಂದ ಊಟಕ್ಕೆ ಬರುತ್ತಿದ್ದ ಚಿದಾನಂದಪ್ಪ ಓಣಿಯ ತಿರುವಿನಲ್ಲಿ ಕಾಣಿಸಿದ. ಮೈಯೆಲ್ಲ ಎಂಜಿನ್ ಎಣ್ಣೆ. ಅವಳನ್ನು ಕಂಡದ್ದೇ ಮುಖ ಅರಳಿತು.

"ಹೊನ್ನೂರಿ! ನೀ ಹೆಂಗ ಬಂದಿ? ನಾನ ನಾಳೆ..."

"ಆ ಗೋಡಿ ಯಾವ ಬಣ್ಣ?"

"ಯಾವುದು? ಅದಾ? ಅದು..."

"ಹೇಳ್ರಿ! ಓಣಿ ಕೇಳುವಂಗ ಹೇಳ್ರಿ! ಯಾವ ಬಣ್ಣ?"

ಪಕ್ಕದ ಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ಅವನು ಕಕ್ಕಾಬಿಕ್ಕಿಯಾದ.

"ಹಳದಿ ಐತಿ. ನನಗ ಎರಡೂ..."

"ಒಂದೇ! ಅಷ್ಟ ಅಲ್ಲೇನು? ನಿಮಗ ಒಂದೇ!" ಅವಳ ದನಿ ಏರಿತು. "ಎರಡರ ನಡುವ ಇರೋದು ಒಂದು ಚಿಟಿಕಿ ಕೆಮ್ಮಣ್ಣು. ಆ ಚಿಟಿಕಿಗಾಗಿ ನನ್ನ ಎಂಟು ವರ್ಷ ಹಿತ್ತಲಾಗ ನಿಲ್ಲಿಸ್ಯಾರ! ಒಡಹುಟ್ಟಿದ ತಮ್ಮನ ಗೋಡಿಗೆ ನನ್ನ ಕೈ ತಾಗಲಿಲ್ಲ! ಅದು ನಿಮಗ ಕಾಣಂಗಿಲ್ಲ. ಕಾಣಂಗಿಲ್ಲ ಅಂತನ ನಾ ನಿಮ್ಮನ್ನ ಮೆಚ್ಚಿದ್ದೆ. ಆದರ ಕೊಟ್ಟ ಮಾತೂ ಕಾಣಲಿಲ್ಲೇನ್ರಿ?"

"ನನ್ನ ಮಾತು ಕೇಳು ಒಂದು..."

"ಕೇಳೀನಿ. 'ಆತು' ಅಂದ್ರಿ, ಕೇಳೀನಿ. ಕದ್ದುಮುಚ್ಚಿ ಕಟ್ಟಿಕೊಳ್ಳೋ ಗಂಡಸು ನನಗ ಬ್ಯಾಡ. ನಿಮ್ಮ ಮನಿನೂ ಬ್ಯಾಡ, ನೀವೂ ಬ್ಯಾಡ!"

ಹೇಳಿದಳು, ತಿರುಗಿದಳು. ಕಣ್ಣಲ್ಲಿ ತಡೆದಿದ್ದ ನೀರು ಆಗ ಇಳಿಯಿತು. ಯಾರಿಗೂ ಕಾಣದಿರಲಿ ಅಂತ ಬಿರಬಿರನೆ ಹೆಜ್ಜೆ ಹಾಕಿದಳು.

ಹಿಂದಿನಿಂದ ಗಂಗಕ್ಕನ ದನಿ ಬಂತು.

"ಹೋಗಲಿ ಬಿಡಲೇ! ಬಾಯಿ ನೋಡು, ಊರಗಲ! ಒಳ್ಳೇದಾತು. ಇನ್ನಾದ್ರೂ ಆ ಗಡಿಗಿ ತೆಗಿ ನನ್ನ ಪಡಸಾಲ್ಯಾಗಿಂದ. ನೋಡ್ರೆವ್ವಾ, ಎಷ್ಟು ದಿನದಿಂದ ಸುಣ್ಣ ನೆನಸಿ ಇಟ್ಟಾನ, ಮುಟ್ಟಂಗಿಲ್ಲ, ಸರಿಸಂಗಿಲ್ಲ! ಓಣಿ ಮುತ್ತೈದೇರನ್ನ ಕರದು ಎರಡನೇ ಸಲಾನೂ ಎಳಿ ಹಳದಿನ ಬಳಿಸಿ ಬಿಡ್ತೀನೋ ಅಂದ್ರ ಬಾಗಲಿಗೆ ಅಡ್ಡ ಮಲಗಿದ! 'ಈ ಗೋಡಿ ಮುಟ್ಟೋಕಿ ಒಬ್ಬಾಕಿನ. ಆಕಿ ಬರೋತನಕ ಹಿಂಗ ಇರಲಿ' ಅಂದ. ಈಗ ಬಂದ್ಲಲ್ಲಪಾ, ನೋಡು, ಬಂದಾಕಿ ಹೊಂಟಳು!"

ಹೊನ್ನೂರಮ್ಮನ ಕಾಲು ನೆಲಕ್ಕೆ ಅಂಟಿಕೊಂಡವು.

ಎರಡನೇ ಸಲ?

ಅಯ್ಯೋ! ಹೊಸ ಗೋಡೆ ಬಣ್ಣ ಕುಡಿಯುತ್ತದೆ. ಅದಕ್ಕೆ ಮೊದಲು ತೆಳ್ಳಗೆ ಎಳೆ ಹಳದಿ ಬಳಿದು, ಒಣಗಿಸಿ, ಅದರ ಮೇಲೆ ಮದುವೆ ಹಳದಿ ಬಳಿಯಬೇಕು. ಹಿತ್ತಲಲ್ಲಿ ಕುಳಿತು ಇದನ್ನು ಅವನಿಗೆ ಹೇಳಿಕೊಟ್ಟವಳೇ ಅವಳು! ಬೇರೆ ಯಾರ ಮನೆಯ ಗೋಡೆಯಾಗಿದ್ದರೂ ನೋಡಿದ ಕೂಡಲೇ ಹೊಳೆಯುತ್ತಿತ್ತು. ನೋವು ಕಣ್ಣು ಕಟ್ಟಿತ್ತು.

ನಿಧಾನವಾಗಿ ತಿರುಗಿದಳು. ಅವನು ಇದ್ದಲ್ಲೇ ಇದ್ದ. ಎಣ್ಣೆಯ ಕೈ ಎಲ್ಲಿಡಬೇಕೋ ತಿಳಿಯದೆ ನಿಂತಿದ್ದ.

"ಮ್ಯಾಲಿನ ಬಣ್ಣ ಯಾಕ ಬಳೀಲಿಲ್ಲ?" ದನಿ ಈಗ ಇಳಿದಿತ್ತು.

"ಕೆಮ್ಮಣ್ಣು ಬೀಳೋ ಬಣ್ಣ ಅದು. ನಾ ಕಲಸಿದ್ರ ಎಳಿ ಆಗೇತೋ, ಮದುವಿ ಆಗೇತೋ, ನನ್ನ ಕಣ್ಣಿಗೆ ಗೊತ್ತಾಗಂಗಿಲ್ಲ. ತಪ್ಪಾದ್ರ ನಿನಗ ಕೊಟ್ಟ ಮಾತು ತಪ್ಪತಿತ್ತು." ಅವನು ಗೋಡೆಯ ಕಡೆ ನೋಡಿದ. "ಮತ್ತ... ತಮ್ಮನ ಗೋಡಿ ನಿನಗ ಮುಟ್ಟಾಕ ಬಿಡಲಿಲ್ಲ. ಇದಾದ್ರೂ ನಿಂದ ಆಗಲಿ ಅಂದೆ."

ಹೊನ್ನೂರಮ್ಮ ಎರಡು ಹೆಜ್ಜೆ ಹತ್ತಿರ ಬಂದಳು.

"ಮೊದಲ ಹೇಳಬಾರದಿತ್ತೇನ್ರಿ..."

"ನಾಳೆ ಕರಿಯಾಕ ಬರೋನಿದ್ದೆ. ಅಷ್ಟ್ರಾಗ ನೀನ ಬಂದಿ. ಬಂದಾಕಿ ಬಾಯಿ ತೆರಿಯಾಕ ಬಿಟ್ಟಿಯೇನು?"

"ಅತ್ತಿ ಹಂಗ್ಯಾಕ ಅಂದ್ರು ಮತ್ತ? ಯಾರಾರ ಕೇಳಿದ್ರ ಮನಿ ಕಟ್ಟಿದಾಗಿಂದು ಅಂತ?"

"ಅದು ಅತ್ತಿ ಮಾತು. ನನ್ನ ಮಾತು ಆ ಗಡಿಗ್ಯಾಗ ಐತಿ. ಹೋಗಿ ನೋಡು."

ಅವಳು ಬಾಗಿಲ ತನಕ ಬಂದು ನಿಂತಳು. ಹೊಸ್ತಿಲ ಈಚೆ ಅವಳು, ಆಚೆ ಗೋಡೆ. ಅವ್ವನಿಗೆ ಕೊಟ್ಟ ಮಾತು ನೆನಪಾಯಿತು. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು.

"ಬರೋದಾದ್ರ ಹಿತ್ತಲ ಬಾಗಲೈತಿ!" ಗಂಗಕ್ಕ ಕಟ್ಟೆಯಿಂದ ಕೂಗಿದಳು. "ಮುಂಚೀ ಹೊಸ್ತಿಲ ಮುಟ್ಟಬ್ಯಾಡ!"

"ಹಿತ್ತಲ ಬಾಗಲಾಗ ಭಾಳ ವರ್ಷ ನಿಂತೀನ್ರಿ ಅತ್ತಿ," ಹೊನ್ನೂರಮ್ಮ ಅಂದಳು. "ಕಾಲು ನೋಯ್ತಾವು."

ಬಲಗಾಲು ಎತ್ತಿ ಹೊಸ್ತಿಲು ದಾಟಿದಳು!

ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿದ ಗಡಿಗೆ. ಪಕ್ಕದಲ್ಲಿ ಹಳದಿ ಪುಡಿ, ಕೆಮ್ಮಣ್ಣು, ನೆನೆಸಿದ ಅಂಟು, ಇನ್ನೂ ಒಮ್ಮೆಯೂ ನೀರಿಗೆ ಇಳಿಯದ ಹೊಸ ಕುಂಚ. ಎಲ್ಲವನ್ನೂ ಒಪ್ಪವಾಗಿ ಜೋಡಿಸಿಟ್ಟಿದ್ದ ಆ ಕುರುಡ! ಅವಳು ಗಡಿಗೆಯ ಮುಂದೆ ಕುಳಿತು ಒಮ್ಮೆ ಮನಸಾರೆ ಅತ್ತಳು. ಆಮೇಲೆ ಸೆರಗು ಸಿಕ್ಕಿಸಿದಳು.

ಕಲಸಿದಳು. ಕೆಮ್ಮಣ್ಣು ಚಿಟಿಕೆ ಹಾಕಿದಳು. ಉಗುರಿಗೆ ಹಚ್ಚಿ ಊದಿ ಒಣಗಿಸಿ ನೋಡಿದಳು. ಸಾಲದು ಅನ್ನಿಸಿತು. ಇನ್ನೊಂದು ಚಿಟಿಕೆ ಹಾಕಿದಳು, ಬೇಕೆಂದೇ, ದೂರದಿಂದ ನೋಡಿದವರಿಗೂ ಅನುಮಾನ ಉಳಿಯದ ಹಾಗೆ.

ಮೊದಲ ಕುಂಚ ಗೋಡೆಗೆ ತಾಗಿಸಿ ಕಣ್ಣು ಮುಚ್ಚಿದಳು. ಏನಾದೀತು? ಗೋಡೆ ಬಿರಿದೀತೇ? ಛಾವಣಿ ಬಿದ್ದೀತೇ?

ಏನೂ ಆಗಲಿಲ್ಲ. ಗೋಡೆ ಹಳದಿಯಾಯಿತು, ಅಷ್ಟೇ!

ಅವಳು ನಕ್ಕುಬಿಟ್ಟಳು. ಆಮೇಲೆ ಕೈ ನಿಲ್ಲಲಿಲ್ಲ. ಮೇಲಿನಿಂದ ಕೆಳಕ್ಕೆ, ಗೀಟು ಬೀಳದಂತೆ, ಒಂದೇ ಸಮ ಎಳೆದಳು. ಚಿದಾನಂದಪ್ಪ ಊಟ ಮರೆತು ಗಡಿಗೆ ಹಿಡಿದು ಹಿಂದೆ ಹಿಂದೆ ನಡೆದ. ಮುಂಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಸೇರುತ್ತಲೇ ಇದ್ದರು.

ಗಂಗಕ್ಕ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದಳು. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಒಂದು ಸಲ ಕತ್ತು ಹೊರಳಿಸಿದಳು. ಇನ್ನೊಂದು ಸಲ. ಕೊನೆಗೆ ತಡೆಯಲಾಗಲಿಲ್ಲ.

"ಆ ಮೂಲಿ ಬಿಟ್ಟೀದಿ ನೋಡು! ಬಾಗಲ ಹಿಂದಿಂದು!"

ಹೊನ್ನೂರಮ್ಮ ಏಣಿಯಿಂದ ಕೆಳಗಿಳಿದು ಬಂದಳು. ಬಾಗಿಲಲ್ಲಿ ನಿಂತು ಕುಂಚ ಮುಂದೆ ಚಾಚಿದಳು.

"ನೀವ ಬಳೀರಿ ಅತ್ತಿ."

"ನಾನಾ?" ಮುದುಕಿಯ ಕೈ ತಾನಾಗಿ ಹಿಂದೆ ಸರಿಯಿತು. "ಹುಚ್ಚಿ... ನಾ ಗಂಡ ಸತ್ತಾಕಿ."

"ನಾನೂ ಅಷ್ಟ ರೀ."

ಗಂಗಕ್ಕ ಕುಂಚವನ್ನೇ ನೋಡಿದಳು. ಅವಳ ಬಿಳಿ ಸೀರೆಯ ಅಂಚಿಗೆ ಒಂದು ಹನಿ ಹಳದಿ ತೊಟ್ಟಿಕ್ಕಿತು. ಅದನ್ನು ಒರೆಸಿಕೊಳ್ಳಲಿಲ್ಲ. ಎದ್ದಳು, ಕುಂಚ ತಗೊಂಡಳು, ಯಾರ ಮುಖವನ್ನೂ ನೋಡದೆ ಬಾಗಿಲ ಹಿಂದಕ್ಕೆ ಹೋದಳು. ಅಲ್ಲಿಂದ ಕುಂಚದ ಸದ್ದೂ, ಮೂಗು ಸೇದುವ ಸದ್ದೂ ಕೇಳಿಬಂತು.

ಬೀದಿಯಲ್ಲಿದ್ದ ಒಬ್ಬಳಿಗೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. "ಉಡಿಕಿಗೆ ಇದೆಲ್ಲಾ ಯಾಕವ್ವ? ಯಾವ ಬಣ್ಣ ಅದು?"

ಹೊನ್ನೂರಮ್ಮ ಬಾಯಿ ತೆರೆಯುವ ಮೊದಲೇ ಚಿದಾನಂದಪ್ಪ ಗಡಿಗೆ ಕೆಳಗಿಟ್ಟು ಹೊಸ್ತಿಲ ಮೇಲೆ ಬಂದು ನಿಂತ. ಗಿರಣಿಯ ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ದನಿ ಅದು. ಓಣಿಯ ಆ ತುದಿಗೂ ಮುಟ್ಟಿತು.

"ಮದುವಿ ಹಳದಿ! ಹೊನ್ನೂರಿದೂ ನಂದೂ ಮದುವಿ! ಹಾಡಾಹಗಲು, ಈ ಬಾಗಲ ಮುಂದ, ಹಂದರ ಹಾಕಿ! ಎಲ್ಲಾರೂ ಬರ್ರಿ. ಬರಾಕ ಆಗದವರು ಅಲ್ಲೇ ನಿಂತು ನೋಡ್ರಿ!"

ಹೊನ್ನೂರಮ್ಮ ಮೂಗಿನ ಮೇಲೆ ಬಣ್ಣ ಮೆತ್ತಿಕೊಂಡು ಅವನನ್ನೇ ನೋಡುತ್ತಾ ನಿಂತಳು. ಅವನು ಒಳಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು.

"ಅಷ್ಟು ಜೋರಾಗಿ ಹೇಳಿದ್ರಲ್ಲ... ಯಾವ ಹಳದಿ ಅಂತ ಕಾಣಾಕತ್ತೈತೇನ್ರಿ ಈಗ?"

ಅವನು ಗೋಡೆ ನೋಡಿದ. ತಲೆ ವಾರೆ ಮಾಡಿಯೂ ನೋಡಿದ.

"ಇಲ್ಲ. ನನಗ ಈಗಲೂ ಎರಡೂ ಒಂದೇ."

"ಮತ್ತ ಹೆಂಗ ಹೇಳಿದ್ರಿ?"

"ನಿನ್ನ ಮಾರಿ ನೋಡಿ ಹೇಳಿದೆ."

ಹೊನ್ನೂರಮ್ಮ ಸೆರಗಿನ ತುದಿಯಿಂದ ಅವನ ಕೆನ್ನೆಯ ಎಣ್ಣೆ ಒರೆಸಿದಳು, ತೆರೆದ ಬಾಗಿಲಿನ ಮುಂದೆಯೇ, ಎಲ್ಲರೂ ನೋಡುತ್ತಿರುವಾಗಲೇ.

"ಹಂಗಾರ ದಿನಾ ನೋಡ್ರಿ," ಅಂದಳು.